ಧನುರ್ಮಾಸದಲ್ಲಿ ಸ್ಪ್ಯಾನರ್

ಧನುರ್ಮಾಸ ಬಂತೆಂದರೆ ಮೈಸೂರಿನಲ್ಲಿ ಎರಡು ಪಂಗಡದವರು ಬೆಳಕು ಹರಿಯುವ ಮೊದಲೇ ಎದ್ದಿರುತ್ತಾರೆ. ದೇವಸ್ಥಾನದ ಹುಗ್ಗಿಗೆ ಹೋಗುವವರು ಒಂದು ಪಂಗಡ. ಹಳೇ ಜಾವಾ, ಯೆಜ್ಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂರುವವರು ಇನ್ನೊಂದು. ಇಬ್ಬರ ತಲೆಗೂ ಮಫ್ಲರ್, ಇಬ್ಬರ ಬಾಯಲ್ಲೂ ಏನೋ ಗೊಣಗಾಟ. ನಮ್ಮ ಪಕ್ಕದ ಮನೆ ಮೇಷ್ಟ್ರು ಎರಡು ಪಂಗಡಕ್ಕೂ ಸೇರಿದವರು. ಹುಗ್ಗಿ ತಿಂದ ಕೈ ತೊಳೆದು, ಅದೇ ಕೈಯನ್ನು ಗ್ರೀಸ್ ಡಬ್ಬಿಗೆ ಹಾಕುತ್ತಾರೆ. ನಾನು ಕಾಫಿ ಲೋಟ ಹಿಡಿದು ಕಾಂಪೌಂಡ್ ಗೋಡೆಗೆ ಒರಗುತ್ತೇನೆ. ಹರಟೆ ಅಲ್ಲಿಂದ ಶುರು.

"ಏನ್ ಮೇಷ್ಟ್ರೇ, ಇವತ್ತೂ ಬಿಚ್ಚಿಬಿಟ್ರಾ?"

"ಬಿಚ್ಚೋದೇನು ಬಂತು, ಪ್ಲಗ್ ನೋಡ್ತಿದೀನಿ ಅಷ್ಟೆ. ನಿಮ್ಮ ಗಾಡಿದೇನು, ಆಯುಧಪೂಜೆಲಿ ತೊಳೆದದ್ದೇ ಕಡೆಯಾ?"

ಈ ಪ್ರಶ್ನೆಗೆ ಎದೆ ತಟ್ಟಿ ಉತ್ತರ ಹೇಳುವವರು ನಮ್ಮ ಬೀದಿಯಲ್ಲಂತೂ ಸಿಗುವುದಿಲ್ಲ. ನಮ್ಮಲ್ಲಿ ಮುಕ್ಕಾಲು ಮಂದಿಗೆ ಗಾಡಿ ಸರ್ವಿಸ್ ಎಂದರೆ ಆಯುಧಪೂಜೆ. ಪೈಪು ಹಿಡಿದು ನೀರು ಹೊಡೆಯುವುದು, ಹ್ಯಾಂಡಲಿಗೆ ಸೇವಂತಿಗೆ ಹಾರ, ಹೆಡ್‌ಲೈಟಿಗೆ ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ನಿಂಬೆಹಣ್ಣು ಅಪ್ಪಚ್ಚಿಯಾಯಿತೋ, ಮುಂದಿನ ನವರಾತ್ರಿಯವರೆಗೆ ಗಾಡಿಯ ಜವಾಬ್ದಾರಿ ತಾಯಿ ಚಾಮುಂಡೇಶ್ವರಿಯದು. ಹೊಡೆದ ನೀರು ಕ್ಲಚ್ ಕೇಬಲ್ಲಿನೊಳಗೆ ಇಳಿದು ತುಕ್ಕು ಹಿಡಿಸುತ್ತದೆ, ಬ್ರೇಕ್ ಡ್ರಮ್ಮಿಗೂ ನುಗ್ಗುತ್ತದೆ. ಅದಕ್ಕೆ ತಾಯಿ ಪಾಪ ಏನು ಮಾಡಿಯಾಳು?

ಮೇಷ್ಟ್ರ ಸಿದ್ಧಾಂತದ ಪ್ರಕಾರ ಗಾಡಿ ಕೆಲಸಕ್ಕೆ ಧನುರ್ಮಾಸದಂಥ ಮುಹೂರ್ತವಿಲ್ಲ, ಯಾಕೆಂದರೆ ಬೇರೆ ಯಾವುದಕ್ಕೂ ಆಗ ಮುಹೂರ್ತವಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಮದುವೆ, ಮುಂಜಿ, ಗೃಹಪ್ರವೇಶ ಎಲ್ಲಾ ಬಂದ್. ರೇಷ್ಮೆ ಪಂಚೆ ಬೀರುವಿನಲ್ಲಿ, ಮನುಷ್ಯ ಹಳೇ ಲುಂಗಿಯಲ್ಲಿ. ಎರಡನೇ ಕಾರಣ ಪೇಂಟಿನದು. ಮಳೆಗಾಲದ ತೇವದ ಗಾಳಿಯಲ್ಲಿ ಸ್ಪ್ರೇ ಹೊಡೆದರೆ, ಥಿನ್ನರ್ ಆರುವ ರಭಸಕ್ಕೆ ತಗಡು ತಣ್ಣಗಾಗಿ ಗಾಳಿಯಲ್ಲಿರುವ ನೀರಿನಂಶವನ್ನು ಹಿಡಿದುಕೊಳ್ಳುತ್ತದೆ. ಮರೂನ್ ಟ್ಯಾಂಕಿನ ಮೇಲೆ ಬಿಳಿ ಮಬ್ಬು ಕೂರುತ್ತದೆ. ಡಿಸೆಂಬರಿನ ಒಣಬಿಸಿಲಿಗೆ ಆ ಕಾಟ ಕಡಿಮೆ. ಮಂಜು ಕರಗಿ ಬಿಸಿಲೇರಿದ ಮೇಲೆ ಗನ್ ಹಿಡಿಯುವುದು, ಸಂಜೆಯ ಇಬ್ಬನಿಗೆ ಮೊದಲು ಕೆಲಸ ಮುಗಿಸುವುದು.

ಮೂರನೆಯ ಕಾರಣ ಅಳಿಯನದು. ಮೇಷ್ಟ್ರ ಮಗಳು, ಅಳಿಯ ಇರುವುದು ಜರ್ಮನಿಯಲ್ಲಿ. ಅಲ್ಲಿ ಚಳಿಗಾಲವೆಂದರೆ ಬೈಕಿಗೆ ರಜೆ. ರಸ್ತೆಯ ಹಿಮ ಕರಗಲೆಂದು ಉಪ್ಪು ಎರಚುತ್ತಾರೆ, ಆ ಉಪ್ಪು ಕ್ರೋಮಿಗೂ ಚಾಸಿಗೂ ಜನ್ಮವೈರಿ. 1997ರಿಂದ ಅಲ್ಲಿ ತಿಂಗಳು ನಮೂದಿಸಿದ ನಂಬರ್ ಪ್ಲೇಟೇ ಸಿಗುತ್ತದೆ. ಪ್ಲೇಟಿನ ಬಲತುದಿಯಲ್ಲಿ ಮೇಲೆ 04, ಕೆಳಗೆ 10 ಎಂದಿದ್ದರೆ ಆ ಗಾಡಿ ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಮಾತ್ರ ರಸ್ತೆಗೆ ಇಳಿಯಬೇಕು. ತೆರಿಗೆಯೂ ಅಷ್ಟು ತಿಂಗಳಿಗೇ. ಉಳಿದ ತಿಂಗಳುಗಳಲ್ಲಿ ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡುತ್ತಾರೆ, ಟ್ಯಾಂಕನ್ನು ಕಂಠಮಟ್ಟ ತುಂಬಿಸುತ್ತಾರೆ. ಖಾಲಿ ಬಿಟ್ಟರೆ ಒಳಗೆ ತೇವ ಕೂತು ತುಕ್ಕು ಹಿಡಿಯುತ್ತದಲ್ಲ! ಆಮೇಲೆ ಗ್ಯಾರೇಜಿನಲ್ಲಿ ಹೀಟರ್ ಹಾಕಿಕೊಂಡು ಸಾವಕಾಶವಾಗಿ ಒಂದೊಂದೇ ಭಾಗ ನೋಡಿಕೊಳ್ಳುತ್ತಾರೆ.

"ನೋಡಿ, ಅಲ್ಲಿ ನಂಬರ್ ಪ್ಲೇಟಲ್ಲೇ ಗಾಡಿಗೆ ರಜಾ ಬರ್ದಿರ್ತಾರೆ," ಎಂದರು ಮೇಷ್ಟ್ರು. "ನಮ್ಮಲ್ಲಿ ಹಿಮ ಬೀಳಲ್ಲ. ಅದಕ್ಕೇ ಗಾಡಿಗೆ ರಜಾನೂ ಇಲ್ಲ, ಯೋಗಕ್ಷೇಮಾನೂ ಇಲ್ಲ."

"ಅಲ್ಲ ಮೇಷ್ಟ್ರೇ, ನಮ್ಮ ಕಡೆ ಗಾಡಿ ಹತ್ತಿ ಸುತ್ತೋಕೆ ಇದೇ ಒಳ್ಳೇ ಕಾಲ. ನೀವು ಬಿಚ್ಚಿ ಕೂತ್ರೆ ಸುತ್ತೋದು ಯಾವಾಗ?"

"ಬಿಚ್ಚಿದ್ದನ್ನ ಅವತ್ತೇ ಜೋಡಿಸಿದ್ರೆ ಸುತ್ತಬಹುದು ಸ್ವಾಮಿ. ಬಿಚ್ಚಿ ಡಬ್ಬದಲ್ಲಿ ಹಾಕಿಟ್ರೆ ಆಗಲ್ಲ."

ಈ ಡಬ್ಬದ ಮಾತು ನನಗಲ್ಲ, ಎದುರು ಮನೆಗೆ. ಅದಕ್ಕೆ ಆಮೇಲೆ ಬರೋಣ.

ಮೇಷ್ಟ್ರದು ಎಂ.ವೈ. ಅಕ್ಷರದಿಂದ ಶುರುವಾಗುವ ನಂಬರಿನ ಜಾವಾ, ಅಂದರೆ ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದ ಕಾಲದ್ದು. ಈ ಊರಿಗೂ ಆ ಗಾಡಿಗೂ ನೆಂಟಸ್ತಿಕೆ ಹಳೆಯದು. ಹೊರದೇಶದ ಬೈಕುಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ ಇರಾನಿ ಕುಟುಂಬದವರು ಚೆಕ್ ಕಂಪನಿಯ ಪರವಾನಗಿ ಪಡೆದು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಪೆಟ್ರೋಲ್ ಉಳಿಸುವ ನೂರು ಸಿಸಿಯ ಜಪಾನಿ ತಳಿಯ ಗಾಡಿಗಳು ಬಂದ ಮೇಲೆ ಗಿರಾಕಿಗಳು ಅತ್ತ ತಿರುಗಿದರು. ಹೊಗೆಯ ಕಾನೂನೂ ಬಿಗಿಯಾಯಿತು. 1996ಕ್ಕೆ ಕಾರ್ಖಾನೆ ಬಾಗಿಲು ಹಾಕಿತು. ಈ ಹೆಸರುಗಳು ಮತ್ತೆ ಶೋರೂಮಿಗೆ ಬಂದಿವೆ, 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ. ಮೇಷ್ಟ್ರು ಆ ಹೊಸ ಗಾಡಿಯನ್ನು ಒಂದು ಸುತ್ತು ಬಂದು ನೋಡಿ, "ಗೇರ್ ಪೆಡಲ್ ಕಿಕ್ಕರ್ ಆಗಲ್ವಂತಲ್ರೀ" ಎಂದು ಕೈ ತೊಳೆದುಕೊಂಡರು.

ಹಳೇ ಜಾವಾದ ವೈಭವ ಅಲ್ಲೇ ಇರುವುದು. ಎಡಗಾಲಿನ ಗೇರ್ ಪೆಡಲನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಚಳಿಯ ಬೆಳಿಗ್ಗೆ ಕಿಕ್ ಹೊಡೆಯುವುದಕ್ಕೆ ಮುಂಚೆ ಇನ್ನೊಂದು ಶಾಸ್ತ್ರವಿದೆ. ಜಿಕೋವ್ ಕಾರ್ಬುರೇಟರಿನ ಮೇಲೆ ಪುಟ್ಟ ಗುಂಡಿಯೊಂದಿದೆ, ಟಿಕ್ಲರ್. ಅದನ್ನು ಒತ್ತಿ ಹಿಡಿದರೆ ಒಳಗಿನ ಫ್ಲೋಟ್ ಕೆಳಗಿಳಿದು ಪೆಟ್ರೋಲ್ ಮೇಲೇರುತ್ತದೆ. ಬೆರಳು ಒದ್ದೆಯಾಯಿತೋ, ಬಿಡಬೇಕು. ಮೇಷ್ಟ್ರು ಆ ಬೆರಳನ್ನೊಮ್ಮೆ ಮೂಸಿ ನೋಡಿ, ತೃಪ್ತಿಪಟ್ಟು, ಕಿಕ್ ಹೊಡೆಯುತ್ತಾರೆ. ಎರಡು ಸೈಲೆನ್ಸರಿನಿಂದಲೂ ನೀಲಿ ಹೊಗೆ ಬಂದು ನಮ್ಮ ಮನೆಯ ತುಳಸಿಕಟ್ಟೆಗೆ ಧೂಪವಾಗುತ್ತದೆ. ನಮ್ಮನೆಯವಳು ಕಿಟಕಿ ಹಾಕಿಕೊಳ್ಳುತ್ತಾಳೆ.

ಈಗ ಕೆಲಸದ ವಿಚಾರ. ಹಳೇ ಟೂ-ಸ್ಟ್ರೋಕ್ ಗಾಡಿಯ ಕಾಯಿಲೆಗಳಲ್ಲಿ ಹೆಚ್ಚಿನವು ಎರಡೇ ಕಡೆ ಹುಟ್ಟುತ್ತವೆ: ಪಾಯಿಂಟ್ ಮತ್ತು ಸೈಲೆನ್ಸರ್.

ಪಾಯಿಂಟ್ ಸೆಟ್ ಮಾಡುವುದನ್ನು ನೋಡಬೇಕು ನೀವು. ಬಲಗಡೆಯ ಮುಚ್ಚಳ ಬಿಚ್ಚಿದರೆ ಡೈನಮೋ ಪಕ್ಕದಲ್ಲಿ ಎರಡು ಪುಟ್ಟ ಲೋಹದ ಬೊಟ್ಟುಗಳು ಕಾಣುತ್ತವೆ. ಅವು ಮುಚ್ಚಿ ತೆರೆಯುವ ಕ್ಷಣಕ್ಕೆ ಪ್ಲಗ್ಗಿನಲ್ಲಿ ಕಿಡಿ. ಪೂರ್ತಿ ತೆರೆದಾಗ ನಡುವಿನ ಸಂದು 0.4 ಮಿಲಿಮೀಟರ್. ಉರಿದು ಉರಿದು ಬೊಟ್ಟುಗಳ ಮುಖ ಕಪ್ಪಾಗಿ ಗುಳಿ ಬಿದ್ದಿರುತ್ತದೆ, ಅದನ್ನು ನುಣ್ಣನೆ ಅರದಿಂದ ಎರಡೇ ಎಳೆ ಎಳೆಯಬೇಕು. ಆಮೇಲೆ ಟೈಮಿಂಗ್. ಪ್ಲಗ್ ತೆಗೆದ ತೂತಿನಲ್ಲಿ ಸೈಕಲ್ ಕಡ್ಡಿ ಇಳಿಬಿಟ್ಟು, ಪಿಸ್ಟನ್ ತೀರ ಮೇಲಕ್ಕೆ ಬಂದ ಜಾಗಕ್ಕೆ ಗುರುತು ಹಾಕುತ್ತಾರೆ. ಅದಕ್ಕಿಂತ ಸುಮಾರು 3 ಮಿಲಿಮೀಟರ್ ಮೊದಲೇ ಪಾಯಿಂಟ್ ತೆರೆಯಬೇಕು. ತೆರೆಯಿತೋ ಇಲ್ಲವೋ ಕಣ್ಣಿಗೆ ಕಾಣದು. ಸಿಗರೇಟ್ ಪ್ಯಾಕಿನ ತೆಳು ಕಾಗದದ ಚೂರನ್ನು ಬೊಟ್ಟುಗಳ ನಡುವೆ ಸಿಕ್ಕಿಸಿ, ಒಂದು ಕೈಯಲ್ಲಿ ಅದನ್ನು ಮೆಲ್ಲಗೆ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಎಂಜಿನ್ ತಿರುಗಿಸುತ್ತಾರೆ. ಕಾಗದ ಜಾರಿತು ಎಂದರೆ ಅದೇ ಕ್ಷಣ. ಜೀವಮಾನದಲ್ಲಿ ಸಿಗರೇಟ್ ಮುಟ್ಟದ ಮೇಷ್ಟ್ರು ಈ ಕಾಗದಕ್ಕಾಗಿ ಬೀದಿ ಕೊನೆಯ ಪೆಟ್ಟಿಗೆ ಅಂಗಡಿಯ ಮುಂದೆ ಬಗ್ಗಿ ಹುಡುಕುವುದನ್ನು ಕಂಡು ಅವರ ಹಳೇ ಶಿಷ್ಯರು ಗಾಬರಿಯಾದದ್ದುಂಟು.

ಸೈಲೆನ್ಸರಿನದು ಬೇರೆ ಕತೆ. ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಆಸುಪಾಸು ಆಯಿಲ್ ಬೆರೆಸಿ ಓಡಿಸುವ ಗಾಡಿಯಿದು. "ಎಂಜಿನ್ನಿಗೆ ಒಳ್ಳೇದು" ಎಂದು ಕೆಲವರು ಕೈ ಧಾರಾಳ ಮಾಡುತ್ತಾರೆ. ಪೂರ್ತಿ ಉರಿಯದ ಆಯಿಲ್ ಮಸಿಯಾಗಿ ಸೈಲೆನ್ಸರ್ ಒಳಗಿನ ಕೊಳವೆಯ ತೂತುಗಳನ್ನು ಮುಚ್ಚುತ್ತದೆ. ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಗಾಡಿ ಚಾಮುಂಡಿ ಬೆಟ್ಟದ ಅರ್ಧದಲ್ಲೇ ಉಸಿರು ಬಿಡುತ್ತದೆ. ಓನರ್ ಪಿಸ್ಟನ್ ಹೋಯಿತು, ಬೋರ್ ಹಾಕಿಸಬೇಕು ಎಂದು ಸಾಲಕ್ಕೆ ಓಡಾಡುತ್ತಾನೆ. ಮೇಷ್ಟ್ರು ಕೊಳವೆ ಎಳೆದು, ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ, ಮಾರನೆಯ ದಿನ ತಂತಿ ಬ್ರಶ್ಶಿನಲ್ಲಿ ಉಜ್ಜುತ್ತಾರೆ. ಕೈಗೆ ಗ್ಲೌಸ್ ಕಡ್ಡಾಯ, ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ. ಖರ್ಚು ಒಂದು ಮಸಾಲೆ ದೋಸೆಯದ್ದು. ಬೆಟ್ಟ ಹತ್ತುವುದು ಖಾತ್ರಿ.

ಜಾವಾ ಇಟ್ಟವರು ಮರೆಯುವ ಇನ್ನೊಂದು ಭಾಗ ಚೈನು. ಅದಕ್ಕೆ ಮುಂದಿನಿಂದ ಹಿಂದಿನವರೆಗೆ ಪೂರ್ತಿ ತಗಡಿನ ಕವಚವಿದೆ. ಧೂಳು ಸೇರುವುದಿಲ್ಲ ನಿಜ, ಕಣ್ಣಿಗೆ ಬೀಳುವುದೂ ಇಲ್ಲ. ಕಾಣದ ನೆಂಟನನ್ನು ವಿಚಾರಿಸುವವರಾರು? ಒಳಗೆ ಅದು ಸಡಿಲಾಗಿ ಕವಚಕ್ಕೆ ಬಡಿದು ಕರಕರ ಎಂದಾಗಲೇ ನೆನಪು.

ಇಷ್ಟು ಹೊತ್ತಿಗೆ ಎದುರು ಮನೆ ಹುಡುಗ ಹಲ್ಲುಜ್ಜುತ್ತಾ ಗೇಟಿಗೆ ಬಂದಿರುತ್ತಾನೆ. ಸಾಫ್ಟ್‌ವೇರಿನವನು, ಒಳ್ಳೆಯವನು. ಎಲ್ಲೋ ದನದ ಕೊಟ್ಟಿಗೆಯಲ್ಲಿ ನಿಂತಿದ್ದ ರೋಡ್‌ಕಿಂಗನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದು, ಉತ್ಸಾಹದಲ್ಲಿ ಕೊನೆಯ ನಟ್ಟಿನವರೆಗೂ ಬಿಚ್ಚಿದ್ದಾನೆ. ಯಾವ ಬೋಲ್ಟ್ ಎಲ್ಲಿಯದು ಎಂದು ಚೀಟಿ ಅಂಟಿಸಿಲ್ಲ. ಎಲ್ಲವೂ ಹಾರ್ಲಿಕ್ಸ್ ಬಾಟಲಿ, ಬಿಸ್ಕತ್ ಡಬ್ಬಗಳಲ್ಲಿ ಭದ್ರ. ಕ್ರೋಮ್ ಪ್ಲೇಟಿಂಗ್ ಒಂದು ಊರಿಗೆ ಹೋಗಿದೆ, ಕ್ರ್ಯಾಂಕ್ ಪ್ರೆಸ್ ಮಾಡಿಸಲು ಇನ್ನೊಂದು ಕಡೆಗೆ. ರಜೆ ಸಿಕ್ಕಾಗ ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಗಳು, ಶಿವಾಜಿನಗರದ ಗುಜರಿ ಎಂದು ಸುತ್ತುತ್ತಾನೆ. ಒರಿಜಿನಲ್ ಟೇಲ್ ಲೈಟಿಗಾಗಿ ಕನ್ಯಾನ್ವೇಷಣೆಗಿಂತ ಹೆಚ್ಚು ಓಡಾಡಿದ್ದಾನೆ ಎಂದು ಅವನ ತಾಯಿಯ ದೂರು.

"ಅಂಕಲ್, ಪೇಂಟ್ ಮಾತ್ರ ಬಾಕಿ," ಎಂದ.

"ಎಂಜಿನ್ ಕೂತಿದೆಯೇನಪ್ಪಾ?"

"ಇಲ್ಲ ಅಂಕಲ್, ಅದು ಆಮೇಲೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ತರಗತಿಯಲ್ಲಿ ಹುಡುಗರು ಉತ್ತರ ಬರೆಯುವ ಮೊದಲು ಮಾರ್ಜಿನ್ನಿಗೆ ಬಣ್ಣ ಹಚ್ಚುತ್ತಿದ್ದಾಗಲೂ ಹೀಗೇ ಒರೆಸುತ್ತಿದ್ದಿರಬೇಕು.

"ಕಾಗದಪತ್ರ?" ಎಂದೆ ನಾನು, ಮಾತು ತಿರುಗಿಸಲು. ಅದು ಇನ್ನೂ ದೊಡ್ಡ ಪುರಾಣ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಲ್ಲಿ 1,000 ಆಯಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ್ದರೆ 2021ರ ನಿಯಮದ ಪ್ರಕಾರ ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೆ 20,000 ರೂಪಾಯಿ, ನಂಬರಿನಲ್ಲಿ ವಿ.ಎ. ಎಂಬ ಅಕ್ಷರ. ಆದರೆ ಚಾಸಿ, ಎಂಜಿನ್ ಬದಲಾಯಿಸಿರಬಾರದು. ದಿನನಿತ್ಯದ ಓಡಾಟಕ್ಕೂ ಬಳಸಬಾರದು. ಮೇಷ್ಟ್ರಿಗೆ ಈ ಗೌರವ ಬೇಡ. "ತರಕಾರಿ ತರೋಕಾಗದ ಗಾಡಿ ಯಾಕ್ರೀ ಬೇಕು?" ಎನ್ನುತ್ತಾರೆ.

ಪೆಟ್ರೋಲೂ ಈಗ ಮೊದಲಿನದಲ್ಲ. ನೂರರಲ್ಲಿ 20 ಪಾಲು ಎಥನಾಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ಕಾಲದ ರಬ್ಬರ್ ಪೈಪು, ವಾಷರುಗಳನ್ನು ಕೆಡಿಸುತ್ತದೆ. ಓಡಿಸದೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿಬಿಡಬೇಕು, ಇಲ್ಲವಾದರೆ ಒಳಗೆ ಅಂಟು ಕಟ್ಟಿ ಜೆಟ್ ಮುಚ್ಚುತ್ತದೆ. ಗಾಡಿ ಚೆನ್ನಾಗಿರಬೇಕೆಂದು ಓಡಿಸದೆ ಬಟ್ಟೆ ಮುಚ್ಚಿ ಇಡುವವರ ಗಾಡಿಯೇ ಮೊದಲು ಕೆಡುವುದು ಇದರಿಂದ.

ಹುಡುಗ ಬಾಯಿ ಮುಕ್ಕಳಿಸಿ ಒಳಗೆ ಹೋದ ಮೇಲೆ ಮೇಷ್ಟ್ರು ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿದರು. "ಆ ರೋಡ್‌ಕಿಂಗ್ ಇಟ್ಕೊಂಡಿದ್ದೋರು ವರ್ಷಕ್ಕೊಂದು ಭಾನುವಾರ ಕೊಟ್ಟಿದ್ರೆ ಈ ಹುಡುಗ ಇಷ್ಟು ದುಡ್ಡು ಸುರೀಬೇಕಿತ್ತೇನ್ರೀ? ರಿಸ್ಟೋರೇಷನ್ ಅಂದ್ರೆ ಇನ್ನೇನಲ್ಲ, ಮೆಂಟೆನೆನ್ಸ್ ಮಾಡದೇ ಇದ್ದದ್ದಕ್ಕೆ ಬೀಳೋ ದಂಡ. ತಪ್ಪು ಯಾರದೋ, ಕಟ್ಟೋರು ಯಾರೋ."

ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಎದುರು ಮನೆ ಹುಡುಗನ ಗಾಡಿ ಒಂದಲ್ಲ ಒಂದು ದಿನ ಹೊಳೆಯುತ್ತಾ ಹೊರಗೆ ಬರುತ್ತದೆ, ಬೀದಿಯವರೆಲ್ಲ ನಿಂತು ಫೋಟೋ ಹೊಡೆದುಕೊಳ್ಳುತ್ತೇವೆ. ಮೇಷ್ಟ್ರ ಜಾವಾವನ್ನು ಯಾರೂ ಫೋಟೋ ಹೊಡೆಯುವುದಿಲ್ಲ. ಟ್ಯಾಂಕಿನ ಬಣ್ಣ ಮಂಕು, ಮೊಣಕಾಲಿನ ರಬ್ಬರ್ ಸವೆದಿದೆ. ಆದರೆ ದೇವರಾಜ ಮಾರುಕಟ್ಟೆಗೆ ಹೋಗಿ ಬರುತ್ತದೆ, ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಗಾಡಿ ಎಂದರೆ ಅದು.

ನಿಮ್ಮದು ಜಾವಾ ಆಗಿರಬೇಕೆಂದಿಲ್ಲ, ಮೊನ್ನೆ ಮೊನ್ನೆಯ ಸ್ಕೂಟರೇ ಇರಲಿ. ಸಂಕ್ರಾಂತಿಯೊಳಗೆ ಒಂದು ಭಾನುವಾರ ಅದಕ್ಕೆ ಕೊಡಿ. ಪ್ಲಗ್ ತೆಗೆದು ಒರೆಸಿ, ಏರ್ ಫಿಲ್ಟರ್ ಕೊಡವಿ, ಕೇಬಲ್ಲಿಗೆ ಎರಡು ತೊಟ್ಟು ಆಯಿಲ್ ಬಿಡಿ, ಟೈರಿನ ಗಾಳಿ ನೋಡಿ, ಆರ್‌ಸಿ ಮುಗಿಯುವ ತಾರೀಖನ್ನೂ ಒಮ್ಮೆ ನೋಡಿ. ಇಷ್ಟಾದ ಮೇಲೂ ಹೊತ್ತು ಮಿಕ್ಕಿದರೆ ಪಾಲಿಶ್ ಹಚ್ಚಿಕೊಳ್ಳಿ. ಮೊದಲು ಬ್ರೇಕ್, ಹೊಳಪು ಆಮೇಲೆ.