ಬರೀ ನಾಲ್ಕು ಬೋಲ್ಟಿನ ಕೆಲಸ

ಮದುವೆ ಮನೆಗೆ ಬಂದು ಗಂಡು-ಹೆಣ್ಣನ್ನು ನೋಡದೆ, ಹೊರಗೆ ನಿಂತ ಕಾರುಗಳ ಬಾನೆಟ್ ನೋಡುವವರದೇ ಒಂದು ವರ್ಗವಿದೆ. ಧಾರೆ ಮುಗಿದು ಎರಡನೇ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಇವರು ಛತ್ರದ ಹಿಂದೆ ಯಾವುದೋ ಡ್ರೈವರನ ಜೊತೆ ನಿಂತು "ಸ್ವಲ್ಪ ರೇಸ್ ಮಾಡಪ್ಪಾ, ಶಬ್ದ ಕೇಳೋಣ" ಎನ್ನುತ್ತಿರುತ್ತಾರೆ. ಇವರ ಮನೆಯಲ್ಲಿ ಒಂದು ಹಳೇ ಕಾರು ಇದ್ದೇ ಇರುತ್ತದೆ. ಅದರ ಎಂಜಿನ್ ಮಾತ್ರ ಇರುವುದಿಲ್ಲ, ಅಥವಾ ಇದ್ದರೂ ಅದರದ್ದಾಗಿರುವುದಿಲ್ಲ. ಉಗುರಿನಲ್ಲಿ ಗ್ರೀಸು, ಜೇಬಿನಲ್ಲಿ ಹನ್ನೆರಡು-ಹದಿಮೂರರ ಸ್ಪ್ಯಾನರು, ಬಾಯಲ್ಲಿ "ಬರೀ ನಾಲ್ಕು ಬೋಲ್ಟಿನ ಕೆಲಸ".

ಇಂಥವರು ಊರಿಗೊಬ್ಬರು ಇರಲಿ, ಬೇಡ ಎನ್ನುವುದಿಲ್ಲ. ನನ್ನ ಪಾಲಿಗೆ ಬಂದವರು ಷಡ್ಡಕರಾಗಿ ಬಂದಿದ್ದಾರೆ.

ಭಾವನವರ ಕಾರು 1974ರ ಫಿಯೆಟ್. ಅಷ್ಟು ಹೊತ್ತಿಗೆ ಅದರ ಹೆಸರು ಪ್ರೀಮಿಯರ್ ಪದ್ಮಿನಿ ಆಗಿತ್ತು ಎಂದು ಯಾರಾದರೂ ತಿದ್ದಿದರೆ ಅವರಿಗೆ ಖುಷಿಯೇ. ಮಾತು ಶುರುಮಾಡಲು ಒಂದು ನೆಪ ಸಿಕ್ಕಿತಲ್ಲ! ಮುಂಬಯಿಯ ಕುರ್ಲಾದಲ್ಲಿ ತಯಾರಾದ ಗಾಡಿ. 1089 ಸಿಸಿ ಎಂಜಿನ್ನು, ನಲವತ್ತರ ಆಸುಪಾಸಿನ ಎಚ್‌ಪಿ, ಸ್ಟೇರಿಂಗ್ ಪಕ್ಕದಲ್ಲೇ ನಾಲ್ಕು ಗೇರು, ಮುಂದುಗಡೆ ಉದ್ದಕ್ಕೆ ಒಂದೇ ಸೀಟು. ಇದಕ್ಕೆ ಅವರು ಹಾಕಲು ಹೊರಟದ್ದು ಮಾರುತಿ ಎಸ್ಟೀಮಿನ 1.3 ಲೀಟರಿನ, 16 ವಾಲ್ವಿನ, 85 ಎಚ್‌ಪಿ ಎಂಜಿನ್ನು. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತಂತೆ. ಆಟೋದಲ್ಲಿ ಹಿಂದಿನ ಸೀಟಿನ ಮೇಲೆ ಕೂರಿಸಿಕೊಂಡು ಬಂದರು. ಅತ್ತಿಗೆ ಬಾಗಿಲು ತೆರೆದು ನೋಡಿ, ಏನೂ ಮಾತಾಡದೆ ಒಳಗೆ ಹೋದರು. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಮಾತ್ರ ಬರುವ ಮೌನ ಅದು.

ನಾಲ್ಕು ಬೋಲ್ಟಿನ ಕೆಲಸ ಏನೇನು ಎಂದು ಆಮೇಲೆ ಒಂದೊಂದಾಗಿ ತಿಳಿಯಿತು. ಎಸ್ಟೀಮಿನ ಎಂಜಿನ್ ಕೂರುವುದು ಅಡ್ಡಡ್ಡ, ಎಳೆಯುವುದು ಮುಂದಿನ ಚಕ್ರ. ಫಿಯೆಟ್ಟಿನದು ಉದ್ದುದ್ದ, ತಳ್ಳುವುದು ಹಿಂದಿನ ಚಕ್ರ. ಹಾಗಾಗಿ ಜಿಪ್ಸಿಯ ಗೇರ್‌ಬಾಕ್ಸ್ ಬೇಕು. ಅದು ಬಂತು. ಗೇರ್‌ಬಾಕ್ಸ್ ಬಂದ ಮೇಲೆ ಪ್ರೊಪೆಲ್ಲರ್ ಶಾಫ್ಟ್ ಅಳತೆಗೆ ಬರುವುದಿಲ್ಲ. ಲೇತಿನವನ ಹತ್ತಿರ ಕತ್ತರಿಸಿ ಬೆಸೆಸಬೇಕು. ಎಂಜಿನ್ ಇಳಿಸಿ ನೋಡಿದರೆ ಕೆಳಗಿನ ಆಯಿಲ್ ಸಂಪು ಕ್ರಾಸ್ ಮೆಂಬರಿಗೆ ತಗಲುತ್ತದೆ. ಸಂಪನ್ನೂ ಕೊಯ್ದು ವೆಲ್ಡಿಂಗ್ ಮಾಡಿಸಬೇಕು. ಎತ್ತರಿಸಿ ಕೂರಿಸಿದರೆ ಬಾನೆಟ್ ಮುಚ್ಚುವುದಿಲ್ಲ. ಮೌಂಟಿಂಗಿಗೆ ಅಳತೆ ತೆಗೆಯಲು ಒಂದು ರಟ್ಟು ಬೇಕೆಂದು ನಮ್ಮ ಮನೆ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯನ್ನೇ ಕತ್ತರಿಸಿದರು. ಗಣಪತಿಯ ಚಿತ್ರವಿದ್ದ ಭಾಗವನ್ನು ಮಾತ್ರ ಭಕ್ತಿಯಿಂದ ತೆಗೆದಿಟ್ಟರು.

ಈ ಕಾಲದಲ್ಲಿ ನನ್ನ ಹುದ್ದೆ ಟಾರ್ಚ್ ಹಿಡಿಯುವುದು. ಲೋಕದಲ್ಲಿ ಇದಕ್ಕಿಂತ ಕೃತಘ್ನ ಕೆಲಸ ಇನ್ನೊಂದಿಲ್ಲ. ಭಾವನವರು ಕಾರಿನ ಅಡಿ ಮಲಗಿರುತ್ತಾರೆ, ಹೊರಗೆ ಕಾಣುವುದು ಎರಡು ಕಾಲು ಮಾತ್ರ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೈಯನ್ನು ಯಾವುದೋ ಸಂದಿಯಲ್ಲಿ ತೂರಿಸಿ ಬೆಳಕು ಬಿಡಬೇಕು. "ಅಲ್ಲಲ್ಲ, ಇಲ್ಲಿ." ಇಲ್ಲಿ ಎಂದರೆ ಎಲ್ಲಿ? ಅವರ ಬೆರಳು ನನಗೆ ಕಾಣುವುದಿಲ್ಲ. "ಏನ್ರೀ, ನೀವು ನೋಡೋ ಕಡೆ ಬೆಳಕು ಹಿಡೀತೀರಲ್ಲ, ನಾನು ನೋಡೋ ಕಡೆ ಹಿಡೀರಿ!" ಸರಿ ಎಂದು ತಿರುಗಿಸಿದರೆ, "ಕಣ್ಣಿಗೆ ಬಿಡ್ತಾ ಇದ್ದೀರಿ." ಅಷ್ಟರಲ್ಲಿ ಒಂದು ನಟ್ಟು ಬೀಳುತ್ತದೆ. ಬಿದ್ದ ನಟ್ಟು ನೆಲಕ್ಕೆ ಬರುವುದಿಲ್ಲ. ಅದು ನಡುವೆಯೇ ಎಲ್ಲೋ ಮಾಯವಾಗುತ್ತದೆ. ನಟ್ಟು ಬಿದ್ದದ್ದು ಟಾರ್ಚ್ ಹಿಡಿದವನ ತಪ್ಪು ಎಂಬುದು ಈ ವರ್ಗದವರ ಸರ್ವಸಮ್ಮತ ಶಾಸ್ತ್ರ. ಆಮೇಲೆ ಅರ್ಧ ಗಂಟೆ ಇಬ್ಬರೂ ಆಯಸ್ಕಾಂತ ಕಟ್ಟಿದ ದಾರ ಇಳಿಬಿಟ್ಟು ಮೀನು ಹಿಡಿಯುವವರ ಹಾಗೆ ಕೂರುತ್ತೇವೆ. ಸಿಗುವುದಿಲ್ಲ. ಮಾರನೇ ದಿನ ಅತ್ತಿಗೆಗೆ ಕಸ ಗುಡಿಸುವಾಗ ಸಿಗುತ್ತದೆ.

ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಖರ್ಚು ಕೇಳಿದರೆ ಅರ್ಧ ಹೇಳುತ್ತಾರೆ, ಅದನ್ನು ಹೆಂಡತಿಗೆ ಹೇಳುವಾಗ ಇನ್ನೂ ಅರ್ಧ ಮಾಡುತ್ತಾರೆ. ಯಾವ ಕೆಲಸವೂ ಮುಗಿಯುವುದು "ಬರೋ ಭಾನುವಾರ". ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಮಾತಾಡದೆ, ಎಂಜಿನ್ನಿನ ಶಬ್ದ ಕೇಳಿಸಿ, "ಹೆಂಗಿದೆ?" ಎನ್ನುತ್ತಾರೆ. "ಚೆನ್ನಾಗಿದೆ" ಎಂದರೆ ಸಾಲದು. ಮೂರನೇ ಸಿಲಿಂಡರಿನಲ್ಲಿ ಏನೋ ಟಿಕ್ ಟಿಕ್ ಕೇಳಿಸಲಿಲ್ಲವೇ ಎಂದು ನಮ್ಮನ್ನೇ ಪರೀಕ್ಷಿಸುತ್ತಾರೆ. ಬಚ್ಚಲು ಮನೆಯ ಬಕೆಟ್ಟಿನಲ್ಲಿ ಸೀಮೆಎಣ್ಣೆ, ಅದರೊಳಗೆ ಏನೋ ನೆನೆಯುತ್ತಿರುತ್ತದೆ. ಇಷ್ಟಾದರೂ ನಮ್ಮ ಮನೆಯ ಮಿಕ್ಸಿ, ನೀರಿನ ಮೋಟಾರು, ಅತ್ತೆಯವರ ಗ್ರೈಂಡರು ಕೆಟ್ಟರೆ ಕರೆಯದೆ ಬರುವವರು ಅವರೇ. ಕಾಫಿ ಬಿಟ್ಟು ಬೇರೇನೂ ಕೇಳಿದವರಲ್ಲ.

ಕಡೆಗೂ ಒಂದು ದಿನ ಕಾರು ಚಾಲೂ ಆಯಿತು. ಕುಣಿಗಲ್ಲಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಅದರಲ್ಲೇ ಹೋಗುವುದೆಂದು ತೀರ್ಮಾನವಾಯಿತು. ಹಿಂದೆ ಅತ್ತೆ, ನನ್ನ ಹೆಂಡತಿ, ಅತ್ತಿಗೆ. ಮುಂದೆ ನಾನು. ಜಿಪ್ಸಿಯ ಗೇರ್‌ಬಾಕ್ಸಿಗೆ ಫಿಯೆಟ್ಟಿನ ಸ್ಪೀಡೋಮೀಟರ್ ಕೇಬಲ್ ಕೂರಲಿಲ್ಲವಾದ್ದರಿಂದ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಮೊಬೈಲಿನಲ್ಲಿ ವೇಗ ನೋಡಿ ಕೂಗಿ ಹೇಳುವುದು ನನಗೆ ಸಿಕ್ಕ ಬಡ್ತಿ.

ನೆಲಮಂಗಲ ದಾಟಿದ ಮೇಲೆ ಮುಂದೆ ಒಂದು ಬಿಳಿ ಮಾರುತಿ 800 ಕಂಡಿತು. ಭಾವನವರ ಬೆನ್ನು ನೆಟ್ಟಗಾಯಿತು. "ಪಿಕಪ್ ನೋಡ್ರೀ ಈಗ" ಎಂದು ಕಾಲು ಒತ್ತಿದರು. ನಿಜ ಹೇಳಬೇಕೆಂದರೆ ನನ್ನ ಬೆನ್ನೂ ಸೀಟಿಗೆ ಅಂಟಿತು. ಮಾರುತಿ ಕಣ್ಣೆದುರೇ ಹಿಂದೆ ಸರಿಯಿತು. ನಾನು ಮೊಬೈಲಿನಲ್ಲಿ ಕಂಡ ಅಂಕಿಯನ್ನು ಕೂಗಲಿಲ್ಲ. ಹಿಂದೆ ಅತ್ತೆ ಇದ್ದರು. ಎಂಜಿನ್ ಎರಡರಷ್ಟು ಆಗಿತ್ತು, ಆದರೆ ಬ್ರೇಕು ಮಾತ್ರ ಕುರ್ಲಾದವರು ನಲವತ್ತು ಎಚ್‌ಪಿಗೆ ಕೊಟ್ಟ ಡ್ರಮ್ ಬ್ರೇಕೇ, ನಾಲ್ಕೂ ಚಕ್ರಕ್ಕೆ. ಟೋಲಿನ ಸಾಲು ಕಂಡಾಗ ಭಾವನವರು ಒಂದು ಬ್ರೇಕು ಒತ್ತಿದರು, ನಾವು ನಾಲ್ವರೂ ಒಂದೊಂದು ಒತ್ತಿದೆವು. ಐದೂ ಸೇರಿ ಕಾರು ಮುಂದಿನ ಲಾರಿಗೆ ಒಂದು ಗೇಣು ಬಿಟ್ಟು ನಿಂತಿತು. ಅತ್ತೆ ಬಾಯಲ್ಲಿ ಇಡೀ ವಿಷ್ಣು ಸಹಸ್ರನಾಮ.

ಟೋಲಿನಲ್ಲಿ ನಿಂತದ್ದೇ ನೆಪವಾಗಿ ರೇಡಿಯೇಟರ್ ಕುದಿಯಿತು. ಚಿಕ್ಕ ರೇಡಿಯೇಟರು, ದೊಡ್ಡ ಎಂಜಿನ್ನು. ಗಾಳಿ ಹೊಡೆಯುತ್ತಿದ್ದಾಗ ತಡೆದುಕೊಂಡದ್ದು ನಿಂತಾಗ ತಡೆಯಲಿಲ್ಲ. ಪಕ್ಕಕ್ಕೆ ತಳ್ಳಿದೆವು. ರೇಷ್ಮೆ ಸೀರೆಯವರು ಮೂವರೂ ಕಬ್ಬಿನ ಹಾಲಿನ ಗಾಡಿಯ ನೆರಳಿಗೆ ಹೋದರು. ಬಿಸಿ ಇರುವಾಗ ಮುಚ್ಚಳ ತೆಗೆಯಬಾರದೆಂದು ಭಾವನವರು ಕಾಯುತ್ತಾ ನಿಂತಿರುವಾಗ ಒಂದು ಬಿಳಿ ಮಾರುತಿ 800 ಬಂದು ಪಕ್ಕಕ್ಕೆ ನಿಂತಿತು. ಅದೇ. ಅದರಿಂದ ಇಳಿದ ಮನುಷ್ಯ ನೀರಿನ ಕ್ಯಾನು ಕೊಟ್ಟು, ಬಾನೆಟ್ಟಿನ ಮೇಲೆ ಕೈಯಿಟ್ಟು, "ಫಿಯೆಟ್ ಅಲ್ವಾ ಸಾರ್? ನಮ್ಮ ತಂದೆ ಹತ್ರಾನೂ ಇತ್ತು. ಹಳೇ ಎಂಜಿನ್ ಎಷ್ಟು ಗಟ್ಟಿ ನೋಡಿ, ಎಂಥಾ ಪಿಕಪ್ ಇದೆ!" ಎಂದ. ಭಾವನವರು ಅವನಿಗೆ ಏನೂ ಹೇಳಲಿಲ್ಲ. "ಹೌದು" ಎಂದಷ್ಟೇ ಅಂದರು.

ಆ "ಹೌದು" ಯಾಕೆ ಅಂದರೆಂದು ನನಗೆ ಗೊತ್ತು. ಒಮ್ಮೆ ಕರೆಂಟೂ ಹೋಗಿ ಟಾರ್ಚಿನ ಸೆಲ್ಲೂ ಮುಗಿದು ಕತ್ತಲಲ್ಲಿ ಕೂತಿದ್ದಾಗ ಅವರೇ ಹೇಳಿದ್ದರು. ಅವರ ತಂದೆ ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ ಕಾರು ಅದು. ಬೀದಿಯಲ್ಲಿ ಅದೊಂದೇ. 1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಎರಡು ವರ್ಷದೊಳಗೆ ಬೀದಿಯ ಲೆಕ್ಕವೇ ಬದಲಾಯಿತು. ಧರ್ಮಸ್ಥಳಕ್ಕೆ ಹೋಗಿ ಬರುವಾಗ ಶಿರಾಡಿ ಘಾಟಿಯಲ್ಲಿ ಫಿಯೆಟ್ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದರೆ ಮಾರುತಿಗಳು ಒಂದರ ಹಿಂದೊಂದು ದಾಟಿ ಹೋದವಂತೆ, ಹಿಂದಿನ ಗಾಜಿನಲ್ಲಿ ಮಕ್ಕಳು ಕೈ ಬೀಸುತ್ತಾ. ಮುಂದಿನ ಉದ್ದ ಸೀಟಿನಲ್ಲಿ ಅಪ್ಪ-ಅಮ್ಮನ ನಡುವೆ ಕೂತಿದ್ದ ಹುಡುಗ "ಜೋರಾಗಿ ಹೋಗಪ್ಪಾ" ಎಂದು ಅತ್ತನಂತೆ. ಅಪ್ಪ ಉತ್ತರ ಕೊಡದೆ ಗಾಜು ಇಳಿಸಿದರಂತೆ. ಈಗ ಅದೇ ಮಾರುತಿಯ ಎಂಜಿನ್ನನ್ನು ಅದೇ ಫಿಯೆಟ್ಟಿಗೆ ಹಾಕಿ ಯಾರ ಸೇಡು ತೀರಿಸುತ್ತಿದ್ದಾರೋ! ಮಜವೆಂದರೆ, ಜಿಪ್ಸಿಯ ಗೇರು ನೆಲದಿಂದ ಮೇಲೆ ಬರುವುದರಿಂದ ಆ ಉದ್ದ ಸೀಟನ್ನೇ ನಡುವೆ ಕೊಯ್ಯಬೇಕಾಯಿತು. ಹುಡುಗ ಕೂರುತ್ತಿದ್ದ ಜಾಗದಲ್ಲಿ ಈಗ ಗೇರಿನ ಕಡ್ಡಿ ಇದೆ.

ಈಚೆಗೆ ಇನ್ನೊಂದು ತಲೆನೋವು ಶುರುವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಇದನ್ನು ನಾನು ಮೊದಲೇ ಹೇಳಿದ್ದೆ; "ಬಾನೆಟ್ ಎತ್ತಿ ಯಾರು ನೋಡ್ತಾರ್ರೀ" ಎಂದಿದ್ದರು. ಅವರನ್ನು ಕೆಡವಿದ್ದು ಬೇರೆ ನಿಯಮ. 2021ರಲ್ಲಿ ಬಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಹತ್ತು ವರ್ಷಕ್ಕೆ. ಫೀಸು 20,000 ರೂಪಾಯಿ. ಭಾವನವರ ಕಾರಿಗೆ ಐವತ್ತು ತುಂಬಿದೆ. ಮೂಲ ರೂಪ ಎಂದರೆ ಷಾಸಿ, ಬಾಡಿ, ಎಂಜಿನ್ ಮೂರೂ. ಅಪ್ಪನ ಕಾರಿಗೆ ಆ ನೋಂದಣಿ ಮಾಡಿಸಬೇಕೆಂದು ಈಗ ಹಟ ಹಿಡಿದಿದ್ದಾರೆ. ಹಳೇ ಎಂಜಿನ್ನನ್ನು ಅವರು ಗುಜರಿಗೆ ತೂಕಕ್ಕೆ ಹಾಕಿ, ಬಂದ ದುಡ್ಡಿನಲ್ಲಿ ಕ್ಲಚ್ ಪ್ಲೇಟ್ ತಂದಿದ್ದರು.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ಫಿಯೆಟ್ಟಿನ 1089 ಸಿಸಿ ಎಂಜಿನ್ನು ಯಾವ ಗುಜರಿಯಲ್ಲಾದರೂ ಕಂಡರೆ, ಅದರ ಮೇಲೆ ಕೊರೆದ ನಂಬರನ್ನು ಬರೆದುಕೊಂಡು ನನಗೆ ತಿಳಿಸಿ. ಆರ್‌ಸಿಗೆ ತಾಳೆ ನೋಡುತ್ತೇನೆ. ನೇರವಾಗಿ ಭಾವನವರಿಗೆ ಮಾತ್ರ ಹೇಳಬೇಡಿ. ನಂಬರು ತಾಳೆಯಾಗದಿದ್ದರೂ ಕೊಂಡು ತರುತ್ತಾರೆ, ಆಮೇಲೆ ಅದನ್ನು ಹಾಕಲು ಒಂದು ಮಾರುತಿ 800 ಹುಡುಕುತ್ತಾರೆ.