ಇರಲಿಬಿಡಿ ರಾಯರು

ಕೋಲಾರದ ಟೊಮೆಟೊ ಮಂಡಿಗಳಿಗೂ ಮಾಲೂರಿನ ಹೆಂಚಿನ ಕಾರ್ಖಾನೆಗಳಿಗೂ ಮುಳಬಾಗಿಲಿನ ಕಬ್ಬಿಣದಂಗಡಿಗಳಿಗೂ ಶ್ರೀನಿವಾಸಪುರದ ಮಾವಿನ ಮಂಡಿಗಳಿಗೂ ಲೆಕ್ಕದ ಸಾಫ್ಟ್‌ವೇರನ್ನು ಬರೆದುಕೊಟ್ಟು, ಬೈಕನ್ನೇರಿ ಸಂಚರಿಸುತ್ತ ಅದರ ಯೋಗಕ್ಷೇಮವನ್ನು ವಿಚಾರಿಸುವ ಮಹನೀಯರು ಈ ಸೀಮೆಯ ಊರೂರಿನಲ್ಲಿಯೂ ಉಂಟಷ್ಟೆ. ಅವರಲ್ಲಿ ಅಗ್ರಗಣ್ಯರಾದವರನ್ನು ನಾನು ಇರಲಿಬಿಡಿ ರಾಯರೆಂದು ಕರೆಯುವೆನು.

ರಾಯರ ಸಾಫ್ಟ್‌ವೇರಿನಲ್ಲಿ ಒಮ್ಮೆ ಪ್ರವೇಶಿಸಿದ ಕಮ್ಯಾಂಡಿಗೆ ನಿರ್ಗಮನವೆಂಬುದಿಲ್ಲ. ಹಳೆಯ ಮಾರಾಟ ತೆರಿಗೆಯಾದ ಕೆಎಸ್‌ಟಿಯ ಕಾಲದಲ್ಲಿ ಬರೆದ ಬಿಲ್ಲಿನ ಕಮ್ಯಾಂಡು, 2005ರ ಏಪ್ರಿಲ್ 1ರಂದು ವ್ಯಾಟ್ ಬಂದಾಗ ಅದರ ಮಗ್ಗುಲಲ್ಲಿ ಕುಳಿತ ಎರಡನೆಯದು, 2017ರ ಜುಲೈ 1ರಂದು ಜಿಎಸ್‌ಟಿಯೊಡನೆ ಆಗಮಿಸಿದ ಮೂರನೆಯದು, ಈ ಮೂರೂ ಒಂದೇ ಪರದೆಯ ಮೇಲೆ ವಿರಾಜಮಾನವಾಗಿದ್ದು, ಯಾವುದನ್ನೊತ್ತಿದರೂ ಒಳಗೆ ಓಡುವುದು ಮೂರನೆಯದೇ. ತೆರಿಗೆಯೇ ತಾಗದ ಟೊಮೆಟೊ ಮಂಡಿಯ ಪರದೆಯಲ್ಲಿಯೂ ಇವು ಉಂಟು. ಅಲ್ಲಿ ಇವುಗಳಿಗೇನು ಕೆಲಸವೆಂದು ಕೇಳುವುದು ಅನಾಗರಿಕ.

"ಸಾರ್, ಹಳೇವೆರಡು ತೆಗೆದುಬಿಡೋಣ" ಎಂದು ಬೆಂಗಳೂರಿನಲ್ಲಿ ಕಲಿತುಬಂದ ಶಿಷ್ಯನು ವಿಜ್ಞಾಪಿಸಿದರೆ, "ಇರಲಿ ಬಿಡಪ್ಪಾ, ಯಾವ ಗುಮಾಸ್ತ ಯಾವುದನ್ನ ಒತ್ತುತಾನೋ ಯಾರು ಕಂಡೋರು?" ಎನ್ನುವರು. ರಾಯರ ಪೂರ್ವಿಕರು ಶಾನುಭೋಗರು. 1963ರಲ್ಲಿ ಆ ವಂಶಪಾರಂಪರ್ಯದ ಹುದ್ದೆ ರದ್ದಾದ ಮೇಲೆಯೂ ಊರವರು ಇವರದನ್ನು ಶಾನುಭೋಗರ ಮನೆಯೆಂದೇ ಕರೆಯುತ್ತಿರುವುದರಿಂದ, ರದ್ದತಿಯಲ್ಲಿ ಇವರಿಗೆ ಹುಟ್ಟಿನಿಂದಲೂ ವಿಶ್ವಾಸ ಸಾಲದು. ಪ್ರಮಾಣಕ್ಕೆ ಸಾಫ್ಟ್‌ವೇರ್ ಲೋಕದ ಗ್ನೂ ಪಂಡಿತರನ್ನೂ ಕರೆತರಬಲ್ಲರು: ಎಗ್ರೆಪ್ ಎಂಬ ಕಮ್ಯಾಂಡಿನ ಕೆಲಸವನ್ನು ಗ್ರೆಪ್ಪೇ ಮಾಡಬಲ್ಲುದಾದ ಕಾರಣ 2007ರಲ್ಲಿಯೇ ಅದನ್ನು ತ್ಯಾಜ್ಯವೆಂದು ಸಾರಿದ ಆ ಮಹಾಶಯರು, ಬಳಸುವವರ ಕಣ್ಣೆದುರಿಗೆ ಎಚ್ಚರಿಕೆ ಮೂಡಿಸಲು 2022ರವರೆಗೆ ಕಾಯಲಿಲ್ಲವೆ? ಅದೂ ಬರಿಯ ಎಚ್ಚರಿಕೆ. ಅಷ್ಟಕ್ಕೇ ಲೋಕವು ಗೊಣಗಿತು.

ಕಡೆಗೆ ಶಿಷ್ಯನ ಕಾಟವನ್ನು ತಾಳಲಾರದೆ, ಹಳೆಯ ಕಮ್ಯಾಂಡನ್ನು ಆರಿಸಿ ಎಂಟರ್ ಒತ್ತಿದೊಡನೆ 'ಇದು ಶೀಘ್ರದಲ್ಲಿಯೇ ನಿವೃತ್ತವಾಗಲಿದೆ' ಎಂಬ ಸೂಚನೆ ಮೂಡುವಂತೆಯೂ, ಇನ್ನೊಮ್ಮೆ ಎಂಟರ್ ಒತ್ತಿದ ಮೇಲೆಯೇ ಬಿಲ್ಲು ಹೊರಡುವಂತೆಯೂ ರಾಯರು ಏರ್ಪಡಿಸಿದರು. ಗುಮಾಸ್ತರು ಸೂಚನೆಯನ್ನು ಓದಲಿಲ್ಲ. ಎಂಟರನ್ನು ಎರಡು ಸಲ ಕುಟ್ಟುವುದನ್ನು ಕಲಿತರು. ರಾಯರು ತಿರುಪತಿಗೆ ಹೋಗಿದ್ದ ಸಮಯವನ್ನು ಸಾಧಿಸಿ ಶಿಷ್ಯನು ಹಳೆಯವೆರಡನ್ನೂ ಅಳಿಸಿದ್ದೇ ತಡ, ಉಳಿದೊಂದರ ಮೇಲೂ ಗುಮಾಸ್ತರ ಬೆರಳು ರೂಢಿಯಂತೆ ಎರಡು ಸಲ ಬಿದ್ದು, ಮಾಲೂರಿನಲ್ಲಿ ಒಂದೊಂದು ಲೋಡು ಹೆಂಚಿಗೂ ಎರಡೆರಡು ಬಿಲ್ಲು ಹೊರಟು, ದ್ವಿಗುಣಿಸಿದ ತೆರಿಗೆಯನ್ನು ಕಂಡ ಮಾಲೀಕರು ಕಂಗಾಲಾದರು.

ಮುಂಡನದ ತಲೆಯಲ್ಲಿ ಹಿಂದಿರುಗಿದ ರಾಯರು ಬೈಯಲಿಲ್ಲ. ಹಳೆಯವೆರಡನ್ನೂ ಪುನಃ ಪ್ರತಿಷ್ಠಾಪಿಸಿ, ಹೆಚ್ಚಾದ ಎಂಟರನ್ನು ಸದ್ದಿಲ್ಲದೆ ನುಂಗುವುದಕ್ಕೆಂದೇ ನಾಲ್ಕನೆಯ ಕಮ್ಯಾಂಡೊಂದನ್ನು ಬರೆದು, ಅದಕ್ಕೆ ಶಿಷ್ಯನ ಹೆಸರನ್ನೇ ಇಟ್ಟರು.