ತಾತನ ಒತ್ತುವರಿ

ರಜೆ ಬಂದರೆ ಊರವರ ಮನೆಗೆಲ್ಲ ನೆಂಟರು ಬರುತ್ತಾರೆ. ನಮ್ಮ ಮನೆಗೆ ಇತಿಹಾಸ ಬರುತ್ತದೆ. ಬೆಳಗ್ಗೆ ಆರಕ್ಕೇ, ದೊಡ್ಡಪ್ಪನ ಕೈಚೀಲದಲ್ಲಿ.

ವಂಶಕ್ಕೊಬ್ಬರು ಇಂಥವರು ಇದ್ದೇ ಇರುತ್ತಾರೆ. ಪುರಾತತ್ವ ಇಲಾಖೆಯ ಬೋರ್ಡು ಕಂಡಲ್ಲೆಲ್ಲ ಕಾರು ನಿಲ್ಲಿಸಿ, ದಂಡ ಎಷ್ಟೆಂಬುದನ್ನೂ ಬಿಡದೆ ಗಟ್ಟಿಯಾಗಿ ಓದಿಸುವವರು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ, 1780ರ ಪೊಳ್ಳಿಲೂರು ಯುದ್ಧದ ಗೋಡೆಚಿತ್ರದೊಳಗೆ ಕರ್ನಲ್ ಬೇಯ್ಲಿಯ ಪಲ್ಲಕ್ಕಿಯನ್ನು ಮಕ್ಕಳು ಹುಡುಕಿಕೊಡುವ ತನಕ ಕೋಡುಬಳೆ ಡಬ್ಬಿ ತೆರೆಯುವುದಿಲ್ಲ.

ಇಷ್ಟನ್ನು ಹೇಗೋ ತಡೆದುಕೊಳ್ಳಬಹುದು. ತಡೆಯಲಾಗದ್ದು ಶಿವಪುರ.

ಮದ್ದೂರಿನ ಪಕ್ಕದ ಈ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಕಾಂಗ್ರೆಸ್ ಬಾವುಟ ಹಾರಿಸಕೂಡದೆಂದು ಸಂಸ್ಥಾನದ ಸರ್ಕಾರ ಅಪ್ಪಣೆ ಮಾಡಿತ್ತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಜನ ಹಾರಿಸಿಯೇ ಬಿಟ್ಟರು. ಆ ಜನರ ನಡುವೆ ನಮ್ಮ ತಾತನೂ ಇದ್ದನೆಂಬುದು ದೊಡ್ಡಪ್ಪನ ವಾದ. ಎಕ್ಸ್‌ಪ್ರೆಸ್‌ವೇ ಹಿಡಿದರೆ ಮದ್ದೂರು ತಪ್ಪಿಹೋಗುತ್ತದೆಂದು ಹಳೇ ರಸ್ತೆಯಲ್ಲೇ ಹೋಗಬೇಕು. ಸರ್ವೆಯರ್ ಆಗಿ ರಿಟೈರಾದವರು ನೋಡಿ, ಸತ್ಯಾಗ್ರಹ ಸೌಧದೆದುರು ಪಂಚೆ ಎತ್ತಿಕಟ್ಟಿ ಹೆಜ್ಜೆ ಎಣಿಸುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ತಾತ ಬಾವುಟದಿಂದ ಇನ್ನೂರು ಹೆಜ್ಜೆ ಆಚೆ ಮರದಡಿ ನಿಂತಿದ್ದ. ನನ್ನ ಮದುವೆ ಹೊತ್ತಿಗೆ ಅರವತ್ತಕ್ಕೆ ಬಂದ. ಹೋದ ವರ್ಷ ಎಂಟೇ ಹೆಜ್ಜೆ. ಸರ್ವೆಯರ್ ಕಣ್ಣೆದುರೇ, ಅದೂ ಅವರದೇ ಅಳತೆಯಲ್ಲಿ, ಇಷ್ಟು ಒತ್ತುವರಿ ಮಾಡಿದವನು ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

ಅಜ್ಜಿಯ ಲೆಕ್ಕವೇ ಬೇರೆ: “ಬೆಲ್ಲ ಮಾರೋಕೆ ಮದ್ದೂರಿಗೆ ಹೋಗಿದ್ರು ಕಣಪ್ಪ, ಜನ ಸೇರಿದ್ದು ನೋಡಿ ನಿಂತಿರಬೌದು.” ಇದನ್ನು ದೊಡ್ಡಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ. ಬಾಯಿಯೂ ಇಲ್ಲ, ಮಗನ ಶಾಲೆಯ ಪ್ರಾಜೆಕ್ಟಿನಲ್ಲಿ ಬಾವುಟದ ಹಗ್ಗವನ್ನೇ ಮುತ್ತಾತನ ಕೈಗೆ ಕೊಟ್ಟು ಹತ್ತಕ್ಕೆ ಹತ್ತು ತೆಗೆಸಿದವನು ನಾನು.

ಈ ಸಲ ದೊಡ್ಡಪ್ಪನಿಗೆ ಮಂಡಿನೋವು. ಮೆಟ್ಟಿಲ ಮೇಲೆ ಕೂತು, ಎಣ್ಣೆ ಹೀರಿದ ಪೇಪರಿನಿಂದ ಮದ್ದೂರು ವಡೆ ಬಿಚ್ಚಿದರು. ಒಂದು ಪ್ರಶ್ನೆಯೂ ಇಲ್ಲದೆ ಮಕ್ಕಳಿಗೆ ತಿಂಡಿ ಸಿಕ್ಕಿತು. ನನಗೇ ಏನೋ ಕಸಿವಿಸಿ.

“ಎಷ್ಟು ಹೆಜ್ಜೆ ದೊಡ್ಡಪ್ಪ, ಈ ಸಲ?”

“ಯಾರಿಗ್ಗೊತ್ತೋ. ನಾನಿನ್ನೂ ಹುಟ್ಟಿರಲಿಲ್ಲ. ಅಪ್ಪ ಇದರ ವಿಷ್ಯ ಬಾಯಿಬಿಟ್ಟವರಲ್ಲ. ಇದ್ದಾಗ ನಾನೂ ಕೇಳಲಿಲ್ಲ.” ವಡೆಯ ಅಂಚು ಮುರಿದು ಬಾಯಿಗೆ ಹಾಕಿಕೊಂಡರು.

ಮಗ ಕೈ ಒರೆಸಿಕೊಂಡು ಮರದ ಬುಡಕ್ಕೆ ಓಡಿದ. ಒಂದು, ಎರಡು ಎಂದು ಎಣಿಸುತ್ತ ನಮ್ಮತ್ತ ಬರತೊಡಗಿದ.

“ಲೋ, ಅಷ್ಟು ಪುಟ್ಟ ಹೆಜ್ಜೆ ಹಾಕಬೇಡ್ವೋ,” ದೊಡ್ಡಪ್ಪ ಕೂತಲ್ಲಿಂದಲೇ ಕೂಗಿದರು, “ಮುತ್ತಾತ ದೂರ ಹೋಗಿಬಿಡ್ತಾನೆ!”